ಬಂದ ಕಡತವೆಲ್ಲ ಬರಿಯ ಕಾಗದವಲ್ಲ

2000ದ ಮೇ 4ರಂದು ಜಗತ್ತಿನ ನಾನಾ ಕಚೇರಿಗಳಿಗೆ ‘ಐ ಲವ್ ಯೂ’ ಎಂಬ ತಲೆಬರಹದ ಇ-ಮೇಲ್ ಬಂದಿತು. ಅದರೊಡನಿದ್ದ ಕಡತದ ಹೆಸರು ‘ಟಿ.ಎಕ್ಸ್.ಟಿ.’ ಎಂದು ಮುಗಿದಂತೆ ಕಾಣುತ್ತಿದ್ದುದರಿಂದ, ಅದನ್ನು ಸಾಧಾರಣವಾದ ಓಲೆಯೆಂದು ಅನೇಕರು ನಂಬಿದರು. ವಾಸ್ತವವಾಗಿ ಅದರ ಮುಂದೆ ‘ವಿ.ಬಿ.ಎಸ್.’ ಎಂಬ ಮೂರು ಅಕ್ಷರಗಳಿದ್ದುವು. ಅದು ಓದುವ ಪತ್ರವಲ್ಲ, ಕಂಪ್ಯೂಟರು ನಡೆಸುವ ಆಜ್ಞೆಗಳ ಸಾಲು ಎಂಬುದಕ್ಕೆ ಅದೇ ಗುರುತು. ವಿಂಡೋಸ್ ವ್ಯವಸ್ಥೆಯು ಸಾಮಾನ್ಯವಾಗಿ ಇಂತಹ ಗುರುತನ್ನು ಮರೆಮಾಡುತ್ತಿತ್ತು. ತೆರೆದೊಡನೆಯೇ ಆ ಕಡತವು ಚಿತ್ರಗಳೇ ಮೊದಲಾದುವನ್ನು ಅಳಿಸಿ, ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ಕಳುಹಿಸಿತು. ಬ್ರಿಟನ್ನಿನ ಪಾರ್ಲಿಮೆಂಟು ಕೂಡ ತನ್ನ ಇ-ಮೇಲ್ ವ್ಯವಸ್ಥೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ತೆರೆದವರ ಅಜಾಗರೂಕತೆಯೇ ಇಂತಹ ಅನರ್ಥಕ್ಕೆ ಕಾರಣವೆನ್ನುವವರುಂಟು. ನಾವು ಈ ಮಾತನ್ನು ಒಪ್ಪಲಾರೆವು. ಬಂದ ಅರ್ಜಿಯನ್ನೂ ಬಿಲ್ಲನ್ನೂ ತೆರೆದು ನೋಡುವುದೇ ಗುಮಾಸ್ತನ ಕೆಲಸವಲ್ಲವೆ? ದಿನಕ್ಕೆ ನೂರು ಕಡತ ತೆರೆಯುವವನು ಒಂದರಲ್ಲಿ ಎಡವಿದ ಮಾತ್ರಕ್ಕೆ ಸಂಸ್ಥೆಯೇ ಕುಸಿಯುವುದಾದರೆ, ದೋಷವಿರುವುದು ಸಂಸ್ಥೆಯ ಏರ್ಪಾಟಿನಲ್ಲಿ.

ವೈರಸ್ ನಿರೋಧಕ ತಂತ್ರಾಂಶ ಸಾಲದೆ ಎಂದು ವಾಚಕರು ಕೇಳಬಹುದು. ಅದು ಬೇಕು, ಆದರೆ ಸಾಲದು. ಹಿಂದೆ ಸಿಕ್ಕಿಬಿದ್ದ ಕಳ್ಳರ ಚಹರೆಯೊಡನೆ ಬಂದವರನ್ನು ಹೋಲಿಸಿ ನೋಡುವುದು ಅದರ ಮುಖ್ಯ ಕ್ರಮ. ಹೊಸ ಕಳ್ಳನು ಅದರ ಕಣ್ಣು ತಪ್ಪಿಸಬಲ್ಲನು. ಇದಕ್ಕಿಂತ ಮೇಲಾದ ಉಪಾಯ ಇನ್ನೊಂದಿದೆ. ಬಂದ ಕಡತವನ್ನು ಹೊಸಿಲಿನಲ್ಲಿಯೇ ಬಿಚ್ಚಿ, ಅದರೊಳಗಿನ ಅಕ್ಷರ, ಅಂಕಿ, ಚಿತ್ರಗಳನ್ನಷ್ಟೆ ತೆಗೆದುಕೊಂಡು ಹೊಸದೊಂದು ಕಡತವನ್ನು ಕಟ್ಟಿಕೊಡುವುದು. ಆಜ್ಞೆಗಳನ್ನು, ಒಳ್ಳೆಯವೋ ಕೆಟ್ಟವೋ ಎಂದು ವಿಚಾರಿಸದೆ, ಹೊರಗೇ ಬಿಡುವುದು. ಇದು ಕಲ್ಲನ್ನು ಹುಡುಕುವ ಬದಲು ಅಕ್ಕಿಯನ್ನೇ ಆರಿಸಿಕೊಂಡಂತೆ.

ಇದರಿಂದ ಅನನುಕೂಲವೂ ಉಂಟು. ಲೆಕ್ಕದ ಹಾಳೆಗಳಲ್ಲಿ ಕೆಲಸವನ್ನು ಸುಲಭಗೊಳಿಸುವ ‘ಮ್ಯಾಕ್ರೋ’ಗಳೂ ಕಳೆದುಹೋಗುತ್ತವೆ. ಆದರೆ ಆ ಮ್ಯಾಕ್ರೋದಲ್ಲಿಯೇ ಅಡಗಿ 1999ರಲ್ಲಿ ‘ಮೆಲಿಸ್ಸ’ ವೈರಸ್ ಹರಡಿತೆಂಬುದನ್ನು ಮರೆಯಬಾರದು. ಎಚ್ಚರಿಕೆಯ ಒಂದು ಸಾಲನ್ನು ತೋರಿಸಿ, ತೀರ್ಮಾನವನ್ನು ತೆರೆಯುವವನಿಗೇ ಬಿಡುವ ವಾಡಿಕೆ ಅನಂತರವೂ ಬಹುಕಾಲ ನಡೆದುಬಂದಿತು. ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ಸಂಸ್ಥೆ ತಾನಾಗಿಯೇ ತಡೆಯತೊಡಗಿದ್ದು 2022ರಲ್ಲಿ.

ನಾಳೆ ಕಚೇರಿಗಳನ್ನೂ ಆಸ್ಪತ್ರೆಗಳನ್ನೂ ನಡೆಸುವವರು ಇಂದಿನ ವಿದ್ಯಾರ್ಥಿಗಳೇ. ಕೇಡು ಒದಗಿದಾಗ ‘ತೆರೆದವನು ಯಾರು?’ ಎಂದು ಅವರು ಮೊದಲು ಕೇಳದಿರಲಿ. ‘ತೆರೆದರೂ ಕೇಡಾಗದಂತೆ ನಾವೇನು ಮಾಡಿದ್ದೆವು?’ ಎಂದು ತಮ್ಮನ್ನೇ ಕೇಳಿಕೊಳ್ಳಲಿ.