ಗಾಲಿಯ ಮೇಲಿನ ಸಂಸಾರ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಕೊಲೊರಾಡೊ ನದಿಯು ಕೊರೆದ ಮಹಾಕಂದರವೊಂದುಂಟು. ಅದರ ಉದ್ದವು 446 ಕಿಲೋಮೀಟರು. ಆಳವು ಕೆಲವೆಡೆ ಒಂದು ಮೈಲಿಗೂ ಮಿಗಿಲು. ಮಳೆ ವಿರಳವಾದ ಆ ಸೀಮೆಯಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ ಇವೆಲ್ಲವನ್ನೂ ಒಳಗೊಂಡ ಮನೆಗಾಡಿಯನ್ನು ಬಾಡಿಗೆಗೆ ಹಿಡಿದು ದಂಪತಿಗಳು ದಿನಗಟ್ಟಲೆ ಸಂಚರಿಸುವರು. ಅಲ್ಲಿ ನೆಲಸಿದ ಕನ್ನಡಿಗರೂ ಹಾಗೆ ಹೋಗಿಬಂದು ಊರಿಗೆ ಚಿತ್ರಗಳನ್ನು ಕಳುಹಿಸುವುದುಂಟು. ಅಂತಹ ಚಿತ್ರವೊಂದನ್ನು ನೋಡುತ್ತ ನನ್ನ ಮನೆಯಾಕೆ, "ಇಂಥಾದ್ದು ನಮ್ಮ ಕಡೆ ಎಲ್ಲೂ ಇಲ್ಲೇನ್ರೀ?" ಎಂದು ಕೇಳಿದಳು. ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನಾನು ಅದಕ್ಕೆ ಉತ್ತರವನ್ನು ಬಲ್ಲೆ. ಆದರೆ ಆಕೆಯನ್ನು ಅಲ್ಲಿಗೆ ಒಮ್ಮೆಯಾದರೂ ಕರೆದೊಯ್ದಿರಲಿಲ್ಲವೆಂಬುದು ಆಗಲೇ ಅರಿವಿಗೆ ಬಂದಿತು.

ನಮ್ಮ ದೋರನಹಳ್ಳಿಯಿಂದ ಶಹಾಪುರ, ಸುರಪುರ, ಹುಣಸಗಿಗಳನ್ನು ದಾಟಿ ಹೋದರೆ ನಾರಾಯಣಪುರವು ದೊರೆಯುತ್ತದೆ. ಅಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಎಡದಂಡೆಯ ಕಾಲುವೆಗಳೇ ನಮ್ಮ ಸೀಮೆಯ ಎಷ್ಟೋ ಜೋಳದ ಹೊಲಗಳನ್ನು ಬತ್ತದ ಗದ್ದೆಗಳನ್ನಾಗಿ ಮಾಡಿದವು. ಅಣೆಕಟ್ಟಿನ ಕೆಳಗೆ, ಛಾಯಾ ಭಗವತಿಯ ಗುಡಿಯಿಂದ ಜಲದುರ್ಗದ ಕಡೆಗೆ, ನದಿಯು ಬರಿಯ ಬಂಡೆಗಳ ಇಕ್ಕಟ್ಟಿನಲ್ಲಿ ಇಳಿಯುತ್ತ ಸಾಗುತ್ತದೆ. ಸುಮಾರು 3 ಮೈಲಿಗಳೊಳಗೆ 400 ಅಡಿಗಳ ಇಳಿತವೆಂದು ಹಳೆಯ ಗ್ಯಾಜೆಟಿಯರು ಹೇಳುತ್ತದೆ. 19ನೆಯ ಶತಮಾನದಲ್ಲಿ ಸುರಪುರದಲ್ಲಿದ್ದ ಅಧಿಕಾರಿ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ ಈ ಪ್ರಪಾತವನ್ನು ವರ್ಣಿಸಿದ್ದಾನೆ. ಸಮುದ್ರಗಳಾಚೆಯಿಂದ ಬಂದವನು ಕಂಡುದನ್ನು ದೋರನಹಳ್ಳಿಯ ಸೊಸೆ ಕಂಡಿರಲಿಲ್ಲ!

ತಂಗಿಯ ಮಗನ ಸಣ್ಣ ವ್ಯಾನೊಂದನ್ನು ಕೇಳಿ ಪಡೆದೆವು. ಹಿಂದಿನ ಆಸನಗಳನ್ನು ತೆಗೆದು ಹಲಗೆಯ ಹಾಸಿಗೆ ಮಾಡಿದೆವು. ಒಂದು ಗ್ಯಾಸಿನ ಒಲೆ, ಎರಡು ಕ್ಯಾನು ನೀರು, ಪಾತ್ರೆಗಳ ಗಂಟು. ಮಾಘ ಮಾಸದ ಒಂದು ಬೆಳಿಗ್ಗೆ ಹೊರಟು, ಸುರಪುರದಲ್ಲಿ ಬೆಟ್ಟದ ಮೇಲಿನ ಟೇಲರ್ ಮಂಜಿಲ್ ಎಂಬ ಅವನ ಬಂಗಲೆಯನ್ನು ನೋಡಿ, ಸಂಜೆಗೆ ಛಾಯಾ ಭಗವತಿಯನ್ನು ತಲುಪಿ, ಗುಡಿಯಿಂದ ಮೇಲಕ್ಕೆ ದಾರಿಯ ಬದಿಯ ಬಯಲಿನಲ್ಲಿ ಗಾಡಿ ನಿಲ್ಲಿಸಿದೆನು.

ಅಸ್ತಮಾನದ ಬೆಳಕು ಬಂಡೆಗಳ ಮೇಲೆ ಬಿದ್ದು ಕಂದರವೆಲ್ಲ ತಾಮ್ರದ ಬಣ್ಣವಾಯಿತು. ಪ್ರವಾಹದೊಡನೆ ಉರುಳುವ ಮರಳೂ ಹರಳೂ ಸಾಣೆಯಂತೆ ಶಿಲೆಯನ್ನು ತೇದು ಇಂತಹ ದಾರಿಯನ್ನು ಮಾಡುವುವು. ಕೊಲೊರಾಡೊ ನದಿಗೆ ಆ ಕೆಲಸಕ್ಕೆ ಐದಾರು ದಶಲಕ್ಷ ವರ್ಷಗಳಾದರೂ ಹಿಡಿದವೆಂದು ಭೂಗರ್ಭಶಾಸ್ತ್ರಜ್ಞರಲ್ಲಿ ಹಲವರ ಮತ. ಇದನ್ನೆಲ್ಲ ವಿವರಿಸಬೇಕೆಂದು ಆಕೆಯನ್ನು ಕೂಗಿದೆನು. "ಪಲ್ಯ ತಳ ಹತ್ತತದ, ನೀವು ನೋಡ್ರಿ" ಎಂದು ಒಳಗಿನಿಂದ ಉತ್ತರ ಬಂದಿತು. ನಾನು ಹೊರಗೆ ಕುಳಿತು ಬಿಸಿರೊಟ್ಟಿ ಉಣ್ಣುತ್ತ ನದಿಯನ್ನು ನೋಡಿದೆನು. ಆಕೆಯೋ ನದಿಗೆ ಬೆನ್ನು ಮಾಡಿ, ಕಾದ ತಗಡಿನ ಕೆಳಗೆ ಒಲೆಯನ್ನು ನೋಡಿದಳು. ಪಾತ್ರೆ ತೊಳೆದು ಹೊರಗೆ ಬರುವಷ್ಟರಲ್ಲಿ ಕತ್ತಲಾಗಿತ್ತು.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಬಾಲ್ಯದಲ್ಲಿ ಕಂಡ ಕಮಾನು ಕಟ್ಟಿದ ಸವಾರಿ ಬಂಡಿ ನೆನಪಾಯಿತು. ತಿಂಥಣಿಯ ಮೌನೇಶ್ವರನ ಜಾತ್ರೆಗೆ ಹೊರಡುವ ಎರಡು ದಿನ ಮೊದಲೇ ಅಜ್ಜಿಯೂ ತಾಯಿಯೂ ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಬುಟ್ಟಿ ತುಂಬುತ್ತಿದ್ದರು. ಅದು ಬಡತನದ ಬುತ್ತಿಯೆಂದು ನಾನು ತಿಳಿದಿದ್ದೆ. ಒಲೆಯನ್ನು ಮನೆಯಲ್ಲಿಯೇ ಬಿಟ್ಟು ಹೋದುದರಿಂದಲೇ ಜಾತ್ರೆಯಲ್ಲಿ ಅವರೂ ತೇರನ್ನು ನೋಡಲಾಗುತ್ತಿತ್ತೆಂಬುದು ಈ ಅರುವತ್ತರಲ್ಲಿ ತಿಳಿಯಿತು. ಮನೆಯನ್ನು ಗಾಲಿಯ ಮೇಲಿಟ್ಟು ಹೊರಟವನು ಮನೆಗೆಲಸವನ್ನೂ ಅದೇ ಗಾಡಿಗೆ ಏರಿಸಿರುತ್ತಾನೆ. ಅದನ್ನು ಇಳಿಸುವ ಭಾರವೂ ಅವನದೇ.

ಬೆಳಗಾಗುತ್ತಲೆ ಒಲೆಯನ್ನು ಚೀಲದಲ್ಲಿ ಕಟ್ಟಿ ಹಲಗೆಯ ಕೆಳಗೆ ತಳ್ಳಿದೆನು. ಆಪತ್ತಿಗಿರಲೆಂದು ಆಕೆ ತಂದಿದ್ದ ಖಡಕ್ ರೊಟ್ಟಿಯೂ ಹಳ್ಳಿಯಲ್ಲಿ ಕೊಂಡ ಮೊಸರೂ ನಮಗೆ ಸಾಕಾದವು. ಮೊಣಕಾಲು ನೋವಿನ ಆಕೆಯ ಕೈ ಹಿಡಿದು ಮೆಲ್ಲಮೆಲ್ಲನೆ ಕೆಳಗಿಳಿದೆವು. ಸಪ್ತಪದಿಯೆಂಬುದು ಒಡನೆ ನಡೆಯುವ ವಿಧಿ, ಏಳನೆಯ ಹೆಜ್ಜೆ ಸಖ್ಯಕ್ಕೆ ಸಲ್ಲುವುದು ಎಂದು ಎಷ್ಟೋ ಸಲ ಹೇಳಿಕೊಟ್ಟವನು ನಾನು. ಆದರೆ ಮದುವೆಯ ಮಂಟಪದಿಂದ ಎದ್ದ ಮೇಲೆ ಸುಮ್ಮನೆ ಒಡನೆ ನಡೆದುದು ಎಷ್ಟು ಸಲ? ನೀರಿನ ಅಂಚಿನ ಬಂಡೆಯ ಮೇಲೆ ಆಕೆ ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದು, ಕೊನೆಗೆ ಹೇಳಿದಳು: "ಈ ನೀರಿನಾಗ ಬೆಳೆದ ಅಕ್ಕೀನ ಇಷ್ಟು ವರ್ಷ ಬೇಯಿಸೀನಿ. ನೀರು ಬರೋ ಹೊಳೀನ ಇವತ್ತ ನೋಡಿದೆ."

ಹೋಗಲಿಚ್ಛಿಸುವ ವಾಚಕರಿಗೆ ಎರಡು ಮಾತು. ಕಾರ್ತಿಕದಿಂದ ಮಾಘದವರೆಗೆ ಹವೆ ಹಿತ. ವೈಶಾಖದ ಬಿಸಿಲಿನಲ್ಲಿ ತಗಡಿನ ಗಾಡಿ ಬಾಣಲೆಯೇ ಸರಿ. ಮಳೆಗಾಲದಲ್ಲಿ ಅಣೆಕಟ್ಟಿನ ಬಾಗಿಲುಗಳನ್ನು ತೆರೆದಾಗ ಗುಡಿಯೊಳಕ್ಕೂ ನೀರು ನುಗ್ಗುವುದುಂಟು. ಆದುದರಿಂದ ಸ್ಥಳದವರನ್ನು ಕೇಳದೆ ಯಾವ ಕಾಲದಲ್ಲಿಯೂ ನದಿಯ ಪಾತ್ರಕ್ಕೆ ಇಳಿಯಬಾರದು, ಅಲ್ಲಿ ಗಾಡಿ ನಿಲ್ಲಿಸಲೂ ಬಾರದು. ರೊಟ್ಟಿಯನ್ನು ಮನೆಯಲ್ಲಿಯೇ ಬಡಿದುಕೊಂಡು ಹೋಗಿರಿ. ಬಡಿಯುವಾಗ ಗಂಡಸರೂ ಹಿಟ್ಟು ನಾದಿಕೊಟ್ಟರೆ ಹೊರಡುವ ಹೊತ್ತು ತಪ್ಪುವುದಿಲ್ಲ. ನಾನೀಗ ಅದನ್ನು ಕಲಿಯುತ್ತಿದ್ದೇನೆ.