ಎಂಟರಲ್ಲಿ ಎರಡು

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಜಿಲ್ಲಾವಾರು ಪಟ್ಟಿ ಅಚ್ಚಾಗುತ್ತದೆ. ಅದರಲ್ಲಿ ತುಮಕೂರಿಗೆ ಒಂದು ಸಾಲು, ಮಧುಗಿರಿಗೆ ಇನ್ನೊಂದು ಸಾಲು. ಮಧುಗಿರಿ ಯಾವಾಗ ಜಿಲ್ಲೆಯಾಯಿತು ಎಂದು ಹೊರಗಿನ ನೆಂಟರು ಕೇಳುವುದುಂಟು. ಆಗಿಲ್ಲ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಶೈಕ್ಷಣಿಕ ಜಿಲ್ಲೆ, ಅಷ್ಟೆ. ಕಂದಾಯ ಇಲಾಖೆಗೂ ಈ ನಾಲ್ಕು ತಾಲ್ಲೂಕು ಒಂದೇ ಉಪವಿಭಾಗ. ಜಮೀನಿನ ತಕರಾರು ತಹಶೀಲ್ದಾರರ ಹಂತ ದಾಟಿತೆಂದರೆ ಪಾವಗಡದ ರೈತನೂ ಕೊರಟಗೆರೆಯ ರೈತನೂ ಬಂದು ಕಾಯುವುದು ಮಧುಗಿರಿಯ ಎ.ಸಿ. ಕಚೇರಿಯ ಮುಂದೆಯೇ. ಮಳೆ ಕೈಕೊಟ್ಟ ವರ್ಷ ನಾಲ್ಕೂ ಕಡೆ ಕಡಲೆಕಾಯಿ ಬಳ್ಳಿ ಒಟ್ಟಿಗೇ ಬಾಡುತ್ತದೆ.

ಲೋಕಸಭೆಗೆ ಓಟು ಹಾಕುವಾಗ ಮಾತ್ರ ಈ ನಾಲ್ಕನ್ನು ಎರಡು ಹೋಳು ಮಾಡಲಾಗಿದೆ. ಮಧುಗಿರಿ ಮತ್ತು ಕೊರಟಗೆರೆ ತುಮಕೂರು ಲೋಕಸಭಾ ಕ್ಷೇತ್ರಕ್ಕೆ. ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೆ. ಒಂದೊಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳು. ಅಂದರೆ ಅಲ್ಲಿ ನಾವು ಎಂಟರಲ್ಲಿ ಎರಡು, ಇಲ್ಲಿಯೂ ಎಂಟರಲ್ಲಿ ಎರಡು. ಒಟ್ಟಿಗಿದ್ದರೆ ಎಂಟರಲ್ಲಿ ನಾಲ್ಕಾಗುತ್ತಿದ್ದೆವು. ಈ ಲೇಖನದಲ್ಲಿ ನಾನು ಹೇಳಬೇಕಾದ್ದು ಇದೇ. ಕ್ಷೇತ್ರ ಪುನರ್ವಿಂಗಡಣೆಯ ಬಗ್ಗೆ ರಾಜ್ಯದಲ್ಲಿ ಇಷ್ಟು ಗದ್ದಲ ನಡೆದಿದ್ದರೂ ಈ ಮಾತನ್ನು ಯಾರೂ ಎತ್ತುತ್ತಿಲ್ಲ ಎಂಬುದೇ ನನ್ನ ಸಂಕಟ.

ಗದ್ದಲ ಸುಳ್ಳಲ್ಲ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಎಂಬುದು ಇಂದಿಗೂ 1971ರ ಜನಗಣತಿಯ ಮೇಲೆಯೇ ನಿಂತಿದೆ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಆ ಸಂಖ್ಯೆಯನ್ನು ಕಟ್ಟಿಹಾಕಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯಗಳು ಅದೇ ಕಾರಣಕ್ಕೆ ಸ್ಥಾನ ಕಳೆದುಕೊಳ್ಳಬಾರದು ಎಂಬುದು ಅದರ ಹಿಂದಿನ ವಿಚಾರ. 84ನೇ ತಿದ್ದುಪಡಿ ಆ ಗಂಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಬಿಗಿಯಿತು. ಆ ಜನಗಣತಿಗೆ 2027ರ ಮಾರ್ಚ್ 1 ಎಂದು ದಿನ ಗೊತ್ತುಪಡಿಸಲಾಗಿದೆ. ಹಾಗಾಗಿ ದಕ್ಷಿಣದ ರಾಜ್ಯಗಳು ದನಿ ಎತ್ತಿವೆ. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲವೇ ವಿರೋಧದ ನಿರ್ಣಯ ಅಂಗೀಕರಿಸಿತು. 2025ರ ಮಾರ್ಚ್‌ನಲ್ಲಿ ಸ್ಟಾಲಿನ್ ಚೆನ್ನೈನಲ್ಲಿ ಕರೆದ ಸಭೆಗೆ ಕರ್ನಾಟಕದ ಪರವಾಗಿ ಡಿ.ಕೆ. ಶಿವಕುಮಾರ್ ಹೋಗಿಬಂದರು.

ನಾನು ಆ ನಿರ್ಣಯದ ಪರ. ಹಾಗೆಂದು ಬಿಹಾರದ ಮತದಾರನ ದೂರನ್ನು ಸುಳ್ಳೆನ್ನಲಾರೆ. 2011ರ ಲೆಕ್ಕ ಹಿಡಿದರೆ ಅಲ್ಲಿ ಒಬ್ಬ ಸಂಸದನ ಪಾಲಿಗೆ 26 ಲಕ್ಷ ಜನ. ಕರ್ನಾಟಕದಲ್ಲಿ ಸುಮಾರು 22 ಲಕ್ಷ. ಕೇರಳದಲ್ಲಿ 17 ಲಕ್ಷವೂ ಇಲ್ಲ. ಒಬ್ಬರಿಗೆ ಒಂದೇ ಮತ, ಎಲ್ಲ ಮತಕ್ಕೂ ಒಂದೇ ಬೆಲೆ ಎಂದ ಮೇಲೆ ಇದು ಉತ್ತರ ಕೊಡಬೇಕಾದ ಪ್ರಶ್ನೆಯೇ. ಆದರೆ ಜನಸಂಖ್ಯೆ ಒಂದನ್ನೇ ಹಿಡಿದು ಕೂತರೆ ಒಕ್ಕೂಟ ಉಳಿಯುವುದು ಹೇಗೆ? ಅಮೆರಿಕದಲ್ಲಿ ಚಿಕ್ಕ ರಾಜ್ಯ, ದೊಡ್ಡ ರಾಜ್ಯ ಎನ್ನದೆ ಎಲ್ಲಕ್ಕೂ ಸೆನೆಟ್‌ನಲ್ಲಿ ಎರಡೆರಡೇ ಸ್ಥಾನ. ನಮ್ಮ ರಾಜ್ಯಸಭೆಯಲ್ಲಿ ಆ ಆಸರೆಯೂ ಇಲ್ಲ: ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12. 2003ರಿಂದ ಈಚೆಗೆ ಆ 12 ಜನ ಕರ್ನಾಟಕದ ನಿವಾಸಿಗಳೇ ಆಗಿರಬೇಕೆಂಬ ಕಟ್ಟುಪಾಡೂ ಹೋಯಿತು.

ಯಾರ ಸ್ಥಾನವೂ ಕಡಿಮೆಯಾಗುವುದಿಲ್ಲ, ಎಲ್ಲರಿಗೂ ಹೆಚ್ಚಾಗುತ್ತದೆ ಎಂಬ ಸಮಾಧಾನ ಕೇಳಿಬರುತ್ತಿದೆ. ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಆಸನಗಳಿವೆ. ಅಷ್ಟನ್ನೂ 2011ರ ಜನಸಂಖ್ಯೆಯಂತೆ ಹಂಚಿದರೆ ಕರ್ನಾಟಕದ 28 ಸುಮಾರು 45 ಆಗುತ್ತದೆ, ನಿಜ. ಉತ್ತರ ಪ್ರದೇಶದ 80 ಸುಮಾರು 146 ಆಗುತ್ತದೆ. ಈಗ ನಮಗೂ ಅವರಿಗೂ ಇರುವ ಅಂತರ 52, ಆಗ ನೂರಕ್ಕೂ ಹೆಚ್ಚು. ಪಂಕ್ತಿಯಲ್ಲಿ ನಮ್ಮ ಎಲೆಗೆ ಎರಡು ಹೋಳಿಗೆ ಹೆಚ್ಚು ಬಿತ್ತೆಂದು ಹಿಗ್ಗುವ ಮೊದಲು ಪಕ್ಕದ ಎಲೆಯನ್ನೂ ನೋಡಬೇಕು. ಸಂಸತ್ತಿನಲ್ಲಿ ತಲೆ ಎಣಿಸುವಾಗ ಲೆಕ್ಕಕ್ಕೆ ಬರುವುದು ಪಾಲು.

ಇಷ್ಟನ್ನು ಬೆಂಗಳೂರಿನ ನಾಯಕರು ದೆಹಲಿಗೆ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಇದೇ ಮಾತನ್ನು ಮಧುಗಿರಿ ಬೆಂಗಳೂರಿಗೆ ಹೇಳಿದರೆ ಅವರ ಉತ್ತರವೇನು?

ನೆನಪಿರುವ ಹಿರಿಯರನ್ನು ಕೇಳಿ. 1967ರ ಮತ್ತು 1971ರ ಚುನಾವಣೆಗಳಲ್ಲಿ ಮಧುಗಿರಿ ಹೆಸರಿನದೇ ಒಂದು ಲೋಕಸಭಾ ಕ್ಷೇತ್ರವಿತ್ತು. ಆಗ ಮೈಸೂರು ರಾಜ್ಯಕ್ಕಿದ್ದದ್ದು 27 ಸ್ಥಾನ. 1977ರ ಹೊತ್ತಿಗೆ ರಾಜ್ಯದ ಸ್ಥಾನ 28ಕ್ಕೆ ಏರಿತು, ಮಧುಗಿರಿಯ ಹೆಸರು ಅಳಿಯಿತು. ಆಮೇಲಿನ ಪೆಟ್ಟು 2008ರದು. ಆ ಪುನರ್ವಿಂಗಡಣೆ ರಾಜ್ಯಗಳ ನಡುವಿನ ಸಂಖ್ಯೆಯನ್ನು ಮುಟ್ಟಲಿಲ್ಲ. ರಾಜ್ಯದೊಳಗಿನ ಗಡಿಗಳನ್ನು 2001ರ ಜನಗಣತಿಯಂತೆ ಹೊಸದಾಗಿ ಎಳೆಯಿತು. ತುಮಕೂರು ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳು 13ರಿಂದ 11ಕ್ಕೆ ಇಳಿದವು. ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹೋಯಿತು, ಬೆಳ್ಳಾವಿ ಹೋಯಿತು, ಹುಲಿಯೂರುದುರ್ಗ ಹೋಯಿತು. ಹೊಸದಾಗಿ ಬಂದದ್ದು ತುಮಕೂರು ಗ್ರಾಮಾಂತರ ಒಂದೇ. ಮೀಸಲು ಕ್ಷೇತ್ರವಾಗಿದ್ದ ಮಧುಗಿರಿ ಸಾಮಾನ್ಯವಾಯಿತು, ಕೊರಟಗೆರೆ ಮೀಸಲಾಯಿತು. ಮಧುಗಿರಿಯಿಂದ ಮೂರು ಸಲ ಗೆದ್ದಿದ್ದ ಜಿ. ಪರಮೇಶ್ವರ ಕೊರಟಗೆರೆಗೆ ಹೋದದ್ದು ಆಗಲೇ. ನಕ್ಷೆಯ ಮೇಲಿನ ಒಂದು ಗೆರೆ ಮಂತ್ರಿಯಾಗುವವರ ಊರನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ 2008ರಲ್ಲಿ ಬೆಂಗಳೂರು ನಗರದ ಕ್ಷೇತ್ರಗಳು 28 ಆದವು. ಮುಂದಿನ ಸಲ ಇನ್ನೂ ಏರುತ್ತವೆ. ಏರಿಸುತ್ತಿರುವವರು ಯಾರು? ಬೋರ್‌ವೆಲ್ ಬತ್ತಿದ ಮೇಲೆ ಮನೆಗೆ ಬೀಗ ಹಾಕಿ ಪೀಣ್ಯದ ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋದ ಪಾವಗಡ, ಮಧುಗಿರಿ, ಶಿರಾದ ಮಕ್ಕಳೂ ಅವರಲ್ಲಿದ್ದಾರೆ. ಅವರ ಅಪ್ಪ ಅಮ್ಮ ಇಲ್ಲಿದ್ದಾರೆ, ಜಾತ್ರೆಗೆ ಬರುವುದು ಇಲ್ಲಿಗೆ, ಸತ್ತರೆ ಮಣ್ಣು ಮಾಡುವುದು ಇಲ್ಲಿ. ಜನಗಣತಿಯವರು ಬಾಗಿಲು ತಟ್ಟುವ ದಿನ ಮಾತ್ರ ಅವರು ಬೆಂಗಳೂರಿನವರು. ನೀರಿಲ್ಲದ್ದಕ್ಕೆ ಜನ ಹೋದರು, ಜನ ಹೋದದ್ದಕ್ಕೆ ಸೀಟು ಹೋಗುತ್ತದೆ, ಸೀಟು ಹೋದ ಮೇಲೆ ನೀರು ಕೇಳುವವರೂ ಇರುವುದಿಲ್ಲ. ಉತ್ತರ ಪ್ರದೇಶದ ಎದುರು ಕರ್ನಾಟಕಕ್ಕೆ ಆಗಬಾರದು ಎಂದು ನಮ್ಮ ಸರ್ಕಾರ ಹೇಳುತ್ತಿರುವ ಅನ್ಯಾಯ, ಬೆಂಗಳೂರಿನ ಎದುರು ಬರದ ತಾಲ್ಲೂಕುಗಳಿಗೂ ಆಗಬಾರದು.

ಸಂಸದ ಯಾವ ಕ್ಷೇತ್ರದವನಾದರೇನು, ಕೆಲಸವಾದರೆ ಸಾಕು ಎನ್ನುವವರಿಗೆ ನಾನು ತೋರಿಸುವುದು ರೈಲು ಮಾರ್ಗವನ್ನು. ತುಮಕೂರು–ರಾಯದುರ್ಗ ಮಾರ್ಗ ಮಂಜೂರಾಗಿ ಹದಿನೈದು ವರ್ಷ ದಾಟಿದೆ. ಉದ್ದ ಇನ್ನೂರು ಕಿಲೋಮೀಟರಿನ ಆಸುಪಾಸು. ಕೊರಟಗೆರೆ, ಮಧುಗಿರಿಯಲ್ಲಿ ಅದು ತುಮಕೂರು ಸಂಸದರ ವ್ಯಾಪ್ತಿ. ಆಂಧ್ರದ ಮಡಕಶಿರಾದಲ್ಲಿ ಹಿಂದೂಪುರ ಸಂಸದರದು. ಪಾವಗಡಕ್ಕೆ ಬಂದರೆ ಚಿತ್ರದುರ್ಗದವರದು. ಕಲ್ಯಾಣದುರ್ಗ, ರಾಯದುರ್ಗದಲ್ಲಿ ಅನಂತಪುರದವರದು. ಒಂದು ಹಳಿಗೆ ನಾಲ್ವರು ಸಂಸದರು. ಶಿರಾ ಹಾದು ಚಿತ್ರದುರ್ಗ, ದಾವಣಗೆರೆಗೆ ಹೋಗಬೇಕಾದ ಇನ್ನೊಂದು ಮಾರ್ಗದ ಕತೆಯೂ ಇಷ್ಟೇ ಹಳೆಯದು. ಭೂಸ್ವಾಧೀನದ ಕಡತ, ರಾಜ್ಯದ ಪಾಲಿನ ಹಣ, ಬಜೆಟ್ಟಿನ ಅನುದಾನ ಎಂದು ವರ್ಷಗಳು ಉರುಳಿದವು. ಆ ವರ್ಷಗಳಲ್ಲಿ ಈ ಎರಡು ಮಾರ್ಗ ಮುಗಿಯದಿದ್ದರೆ ತನ್ನ ಸೀಟು ಉಳಿಯುವುದಿಲ್ಲ ಎಂದು ಹೆದರಬೇಕಾದ ಸಂಸದ ಒಬ್ಬನೂ ಇರಲಿಲ್ಲ.

ಈಗ ತುಮಕೂರಿನ ಸಂಸದ ವಿ. ಸೋಮಣ್ಣನವರೇ ರೈಲ್ವೆ ರಾಜ್ಯ ಸಚಿವರು. ಕೆಲಸ ಚುರುಕಾಗಿದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಅದು ನಮ್ಮ ಅದೃಷ್ಟ, ವ್ಯವಸ್ಥೆಯ ಗುಣವಲ್ಲ. ಪ್ರತಿ ತಾಲ್ಲೂಕೂ ತನ್ನ ಸಂಸದ ರೈಲ್ವೆ ಮಂತ್ರಿಯಾಗುವವರೆಗೆ ಕಾಯಲು ಆಗುವುದಿಲ್ಲ.

ನೀರಿನ ಮಾತೂ ಹಾಗೆಯೇ. ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುವುದಾಗಿ 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಯಿತು. ಆ ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ ವರ್ಷಗಟ್ಟಲೆ ದೂರುತ್ತಲೇ ಬಂತು. ಆ ನೀರಿಗೆ ಕಾದಿರುವ ತಾಲ್ಲೂಕುಗಳಲ್ಲಿ ಶಿರಾ, ಪಾವಗಡ ಇವೆ. ಇತ್ತ ಮಧುಗಿರಿ, ಕೊರಟಗೆರೆ ಕಣ್ಣಿಟ್ಟಿರುವುದು ಎತ್ತಿನಹೊಳೆಗೆ. ಪಾವಗಡದ ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ನಿಂತಿದೆ. ಜಮೀನು ಗುತ್ತಿಗೆಗೆ ಕೊಟ್ಟ ಕುಟುಂಬಗಳ ಮುಂದಿನ ಬದುಕಿನ ಬಗ್ಗೆ ಸಂಸತ್ತಿನಲ್ಲಿ ಬಿಡದೆ ಕೇಳಬೇಕಾದ ಪ್ರಶ್ನೆಗಳಿವೆ. ಯಾರ ಕೆಲಸ ಅದು? ಮೊಳಕಾಲ್ಮುರಿನಿಂದ ಹೊಸದುರ್ಗದವರೆಗೆ ಹಬ್ಬಿದ ಕ್ಷೇತ್ರದ ಒಂದು ಮೂಲೆಯಲ್ಲಿ, ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು ಪಾವಗಡ. ಅಲ್ಲಿಂದ ಚಿತ್ರದುರ್ಗಕ್ಕೆ ಹೋಗಿ ಸಂಸದರನ್ನು ಕಂಡು ಬರುವುದೆಂದರೆ ಕೂಲಿಯವನಿಗೆ ಒಂದು ದಿನದ ದುಡಿಮೆ ಹೋದಂತೆ.

ಇಬ್ಬರು ಸಂಸದರಿದ್ದರೆ ಎರಡು ಪಾಲು ಅನುದಾನ ಬರುತ್ತದಲ್ಲ ಎಂಬ ವಾದವೂ ಇದೆ. ಲೆಕ್ಕ ಹಾಕೋಣ. ಒಬ್ಬ ಸಂಸದನ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ. ಎಂಟು ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ 62.5 ಲಕ್ಷ. ನಾಲ್ಕೂ ಒಬ್ಬರ ಕೆಳಗಿದ್ದರೂ ಅಷ್ಟೇ, ಇಬ್ಬರ ಕೆಳಗಿದ್ದರೂ ಅಷ್ಟೇ. ಹೆಚ್ಚುವರಿ ಎಂಬುದು ಏನೂ ಇಲ್ಲ. ಕಳೆದುಕೊಳ್ಳುವುದು ತೂಕವನ್ನು. ಎಂಟರಲ್ಲಿ ಎರಡನ್ನು ಬಿಟ್ಟು ಉಳಿದ ಆರರಲ್ಲಿ ಗೆದ್ದರಾಯಿತು ಎಂದು ಪಕ್ಷಗಳು ಎರಡೂ ಕಡೆ ಲೆಕ್ಕ ಹಾಕಬಲ್ಲವು. ಎಂಟರಲ್ಲಿ ನಾಲ್ಕನ್ನು ಬಿಟ್ಟು ಗೆಲ್ಲುವ ಧೈರ್ಯ ಯಾವ ಪಕ್ಷಕ್ಕೂ ಬರುವುದಿಲ್ಲ.

ಅಭ್ಯರ್ಥಿಗಳ ಪಟ್ಟಿಯನ್ನೇ ನೋಡಿ. ಸೋಮಣ್ಣ ಬೆಂಗಳೂರಿನ ರಾಜಕಾರಣದಿಂದ ಬಂದವರು. ಚಿತ್ರದುರ್ಗದ ಗೋವಿಂದ ಕಾರಜೋಳ ಮುಧೋಳದವರು. ಅವರಿಗಿಂತ ಮುಂಚಿನ ಎ. ನಾರಾಯಣಸ್ವಾಮಿ ಆನೇಕಲ್‌ನವರು. ಹೊರಗಿನವರಾದದ್ದು ತಪ್ಪಲ್ಲ. ಯಾರನ್ನು ಕಳಿಸಿದರೂ ನಡೆಯುತ್ತದೆ ಎಂಬ ಧೈರ್ಯ ಪಕ್ಷಗಳಿಗೆ ಬಂದದ್ದು ಹೇಗೆ ಎಂಬುದು ಪ್ರಶ್ನೆ. ಇದು ಒಂದು ಪಕ್ಷದ ಮೇಲಿನ ದೂರೂ ಅಲ್ಲ; 2023ರಲ್ಲಿ ಈ ನಾಲ್ಕೂ ಕಡೆ ಕಾಂಗ್ರೆಸ್ ಶಾಸಕರನ್ನು ಗೆಲ್ಲಿಸಿದ ಸೀಮೆ, 2024ರಲ್ಲಿ ಬಿಜೆಪಿಯ ಇಬ್ಬರು ಸಂಸದರನ್ನು ಪಡೆಯಿತು.

ಮೀಸಲಾತಿಯ ಬಗ್ಗೆಯೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಗಡಿ ಬದಲಿಸಬೇಕೆಂಬ ಮಾತಿನ ಹಿಂದೆ ಮೀಸಲು ಕ್ಷೇತ್ರದಿಂದ ತಪ್ಪಿಸಿಕೊಳ್ಳುವ ಆಸೆ ಕೆಲವರಿಗಿದೆ. 2019ರ ಸೆಪ್ಟೆಂಬರ್‌ನಲ್ಲಿ, ಆಗ ಸಂಸದರಾಗಿದ್ದ ನಾರಾಯಣಸ್ವಾಮಿಯವರನ್ನು ಅವರು ದಲಿತರೆಂಬ ಕಾರಣಕ್ಕೆ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯೊಳಗೆ ಬಿಡಲಿಲ್ಲ. ಲಕ್ಷಾಂತರ ಮತ ಪಡೆದು ಸಂಸತ್ತಿಗೆ ಹೋದವರನ್ನು ಅವರದೇ ಕ್ಷೇತ್ರದ ಹಟ್ಟಿಯ ಹೊರಗೆ ನಿಲ್ಲಿಸಿದ ನಾಚಿಕೆ ಈ ಸೀಮೆಯ ಮೇಲಿದೆ. ಅಂಥ ನೆಲದಲ್ಲಿ ಮೀಸಲು ಬೇಡ ಎನ್ನುವ ಬಾಯಿ ನಮಗಿಲ್ಲ. ನಾಲ್ಕು ತಾಲ್ಲೂಕು ಸೇರಿದ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದರೆ ಆಗಲಿ. ಕೊರಟಗೆರೆ, ಪಾವಗಡ ಈಗಾಗಲೇ ಮೀಸಲು ವಿಧಾನಸಭಾ ಕ್ಷೇತ್ರಗಳು; ಇಲ್ಲಿಂದಲೇ ಬೆಳೆದು ಬಂದ ದಲಿತ ನಾಯಕ ಅಥವಾ ನಾಯಕಿ ದೆಹಲಿಗೆ ಹೋಗಲಿ. ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಕೊಡುವ 2023ರ ಕಾನೂನನ್ನೂ ಈ ಪುನರ್ವಿಂಗಡಣೆಗೆ ಗಂಟು ಹಾಕಿದ್ದು ಸರಿಯಲ್ಲ. ಇರುವ 543ರಲ್ಲೇ ಅದನ್ನು ಕೊಡಬಹುದಿತ್ತು.

ಉಳಿದ ನಾಲ್ಕು ವಿಧಾನಸಭಾ ಕ್ಷೇತ್ರಗಳು ಎಲ್ಲಿಂದ ಎಂದರೆ, ಸುತ್ತಲೂ ನೆರೆಯ ತಾಲ್ಲೂಕುಗಳಿವೆ: ಹಿರಿಯೂರು, ಚಳ್ಳಕೆರೆ, ಗೌರಿಬಿದನೂರು, ಚಿಕ್ಕನಾಯಕನಹಳ್ಳಿ. ಯಾವುದನ್ನು ಸೇರಿಸಬೇಕೆಂದು ಪುನರ್ವಿಂಗಡಣಾ ಆಯೋಗ ನೋಡಲಿ. ಇದುವರೆಗೆ ಗಡಿ ಎಳೆದ ಕಾನೂನೇ ಹೇಳುವುದೇನು? ಕ್ಷೇತ್ರ ಒತ್ತಟ್ಟಿಗಿರಬೇಕು, ಆಡಳಿತ ಘಟಕಗಳ ಗಡಿ, ಸಂಪರ್ಕ, ಜನರ ಅನುಕೂಲ ನೋಡಬೇಕು. ಒಂದು ಉಪವಿಭಾಗ, ಒಂದು ಶೈಕ್ಷಣಿಕ ಜಿಲ್ಲೆ ಎಂದು ಸರ್ಕಾರವೇ ಒಪ್ಪಿಕೊಂಡ ಘಟಕ ನಮ್ಮದು. ನಾವು ಕೇಳುತ್ತಿರುವುದು ಹೊಸದೇನಲ್ಲ.

ಆಯೋಗದಲ್ಲಿ ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ. ಅವರಿಗೆ ಮತ ಹಾಕುವ ಹಕ್ಕಿಲ್ಲ. ಅಂತಿಮ ಆದೇಶ ಹೊರಬಿದ್ದ ಮೇಲೆ ಕೋರ್ಟಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ. ಜನರಿಗಿರುವ ಅವಕಾಶ ನಡುವಿನದು: ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಬಹುದು, ಬಹಿರಂಗ ಸಭೆಯಲ್ಲಿ ಮಾತಾಡಬಹುದು.

ಆ ದಿನಕ್ಕೆ ಕಾಯಬೇಡಿ. ನಾಲ್ಕು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು, ಪುರಸಭೆಗಳು, ವಕೀಲರ ಸಂಘಗಳು, ರೈತ ಸಂಘಗಳು, ಮಹಿಳಾ ಸ್ವಸಹಾಯ ಗುಂಪುಗಳು ಈಗಲೇ ಒಂದೊಂದು ನಿರ್ಣಯ ಮಾಡಿ ಇಟ್ಟುಕೊಳ್ಳಲಿ. ನಮ್ಮ ನಾಲ್ವರು ಶಾಸಕರು, ಪಕ್ಷ ಒಂದೇ ಆಗಿರುವಾಗಲಾದರೂ, ಒಂದೇ ಕಾಗದಕ್ಕೆ ಸಹಿ ಹಾಕಲಿ. ಆ ಕಾಗದದಲ್ಲಿ ಬರೆಯಬೇಕಾದ್ದು ಇಷ್ಟೇ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಒಂದೇ ಲೋಕಸಭಾ ಕ್ಷೇತ್ರದಲ್ಲಿರಬೇಕು.