ಶ್ರುತಿಯೂ ಸ್ಪ್ಯಾನರೂ ಒಂದೇ ಕೋಣೆಯಲ್ಲಿ

ಮನೆಯ ಹಿಂದೆ ಒಂದು ಶೆಡ್ಡು ಇದೆ ಎಂದಿಟ್ಟುಕೊಳ್ಳಿ. ಒಂದು ಕಾಲಕ್ಕೆ ಸೌದೆ, ತೆಂಗಿನಕಾಯಿ, ಮುರಿದ ಮಂಚ ತುಂಬಿಕೊಂಡಿದ್ದ, ಹತ್ತಡಿ ಅಗಲ ಹದಿನೆಂಟಡಿ ಉದ್ದದ ಜಾಗ. ಈಗ ಅದರ ಒಂದು ತುದಿಯಲ್ಲಿ ಕೀಬೋರ್ಡು, ಗಿಟಾರು, ಮೈಕು, ಧ್ವನಿಮುದ್ರಣಕ್ಕೊಂದು ಕಂಪ್ಯೂಟರು. ಇನ್ನೊಂದು ತುದಿಯಲ್ಲಿ ಇಂಜಿನ್ ಬಿಚ್ಚಿ ನಿಲ್ಲಿಸಿದ ಹಳೆಯ ಯೆಜ್ಡಿ. ಎರಡಕ್ಕೂ ಒಡೆಯ ಕಾಲೇಜಿಗೆ ಹೋಗುವ ಒಬ್ಬನೇ ಮಗನಾಗಿರಬಹುದು. ಇಲ್ಲವೇ ಹಾಡುವ ಅಕ್ಕ, ಬೈಕು ಬಿಚ್ಚುವ ತಮ್ಮ ಆ ಜಾಗವನ್ನು ಹಂಚಿಕೊಂಡಿರಬಹುದು. ಅಪ್ಪನದು ಒಂದೇ ಮಾತು: ‘ಎರಡರಲ್ಲಿ ಒಂದನ್ನು ಇಟ್ಟುಕೋ, ಇನ್ನೊಂದನ್ನು ಗುಜರಿಗೆ ಹಾಕು.’ ಅಮ್ಮನಿಗೆ ಪೆಟ್ರೋಲ್ ವಾಸನೆಯ ಚಿಂತೆ. ಪಕ್ಕದ ಮನೆಯವರಿಗೆ ಸದ್ದಿನ ಚಿಂತೆ. ಪರೀಕ್ಷೆಯ ಚಿಂತೆಯಂತೂ ಎಲ್ಲರಿಗೂ ಇದ್ದೇ ಇದೆ.

ಸಂಗೀತಕ್ಕೂ ಮೋಟಾರ್ ಸೈಕಲ್ಲಿಗೂ ಏನು ಸಂಬಂಧ, ಇವೆರಡೂ ಒಂದೇ ಸೂರಿನಡಿ ಬಾಳಬಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ದೂರ, ಜಪಾನಿನ ಹಮಾಮತ್ಸು ಎಂಬ ಊರಿಗೆ ಹೋಗಿಬರೋಣ.

1887ರಲ್ಲಿ ಆ ಊರಿನ ಶಾಲೆಯೊಂದರ ರೀಡ್ ಆರ್ಗನ್ ಕೆಟ್ಟಿತು. ನಮ್ಮ ಹಾರ್ಮೋನಿಯಂ ಜಾತಿಯದೇ ವಾದ್ಯ ಅದು. ರಿಪೇರಿಗೆ ಬಂದವನು ತೊರಾಕುಸು ಯಮಹಾ. ಗಡಿಯಾರದ ಕೆಲಸ ಕಲಿತು, ವೈದ್ಯಕೀಯ ಉಪಕರಣಗಳ ದುರಸ್ತಿಯಲ್ಲಿ ಪಳಗಿದ್ದ ಕೈ. ವಾದ್ಯ ಬಿಚ್ಚಿದಾಗ ಒಳಗಿನ ರಚನೆಯನ್ನು ನೋಡಿಕೊಂಡು, ತಾನೇ ಒಂದು ಆರ್ಗನ್ ಮಾಡಿಬಿಟ್ಟ. ಅದನ್ನು ಅಡ್ಡೆಯಲ್ಲಿ ಹೊತ್ತು, ಹಕೋನೆ ಬೆಟ್ಟ ದಾಟಿ, ಸುಮಾರು 250 ಕಿಲೋಮೀಟರ್ ದೂರದ ಟೋಕಿಯೋದ ಸಂಗೀತ ಶಾಲೆಗೆ ಒಯ್ದ. ಅಲ್ಲಿನವರು ಪರೀಕ್ಷಿಸಿ, ಆಕಾರವೇನೋ ಚೆನ್ನಾಗಿದೆ, ಶ್ರುತಿ ಮಾತ್ರ ಸರಿಯಿಲ್ಲ ಎಂದರು. ಆತ ಅಲ್ಲೇ ಉಳಿದು ಸುಮಾರು ಒಂದು ತಿಂಗಳು ಸಂಗೀತಶಾಸ್ತ್ರವನ್ನೂ ಶ್ರುತಿ ಕೂಡಿಸುವುದನ್ನೂ ಕಲಿತ. ಊರಿಗೆ ಮರಳಿ ಮಾಡಿದ ಎರಡನೆಯ ಆರ್ಗನ್‌ಗೆ ಒಪ್ಪಿಗೆ ಸಿಕ್ಕಿತು. 1897ರಲ್ಲಿ ನಿಪ್ಪಾನ್ ಗಕ್ಕಿ ಎಂಬ ವಾದ್ಯ ತಯಾರಿಕೆಯ ಕಂಪನಿ ಹುಟ್ಟಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಪಿಯಾನೋ ಕಾರ್ಖಾನೆ ವಿಮಾನದ ಪ್ರೊಪೆಲ್ಲರುಗಳನ್ನು ಮಾಡಬೇಕಾಯಿತು. ಯುದ್ಧ ಮುಗಿದ ಮೇಲೆ ಆ ಯಂತ್ರಗಳನ್ನು ಏನು ಮಾಡುವುದು? ಉತ್ತರ ಬಂದದ್ದು 1955ರಲ್ಲಿ, ವೈಎ-1 ಎಂಬ 125 ಸಿ.ಸಿ.ಯ ಮೋಟಾರ್ ಸೈಕಲ್ಲಿನ ರೂಪದಲ್ಲಿ. ನಮ್ಮ ರಸ್ತೆಗಳಲ್ಲಿ ಒಂದು ತಲೆಮಾರನ್ನೇ ಹುಚ್ಚು ಹಿಡಿಸಿದ ಆರ್‌ಎಕ್ಸ್ 100ರ ವಂಶದ ಮೂಲಪುರುಷ ಅದು. ಯಮಹಾ ಬೈಕಿನ ಲಾಂಛನವನ್ನು ಒಮ್ಮೆ ಗಮನಿಸಿ ನೋಡಿ. ಅಲ್ಲಿರುವುದು ಚಕ್ರವಲ್ಲ, ಸ್ಪ್ಯಾನರಲ್ಲ, ಮೂರು ಶ್ರುತಿಕವೆಗಳು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ರಬ್ಬರ್ ದಿಂಬಿಗೆ ಬಡಿದು ಕಿವಿಯ ಬಳಿ ಹಿಡಿಯುತ್ತೀರಲ್ಲ, ಅದೇ ಟ್ಯೂನಿಂಗ್ ಫೋರ್ಕ್.

ಈ ಕಥೆಗೆ ಇನ್ನೊಂದು ತುಂಡಿದೆ. ಮೋಟಾರ್ ಸೈಕಲ್ ತಯಾರಾದ ಅದೇ 1955ರ ಜುಲೈ 1ರಂದು ಯಮಹಾ ಮೋಟಾರ್ ಎಂಬುದನ್ನು ಬೇರೆಯೇ ಕಂಪನಿಯಾಗಿ ಮಾಡಿದರು. ಮನೆತನ ಒಂದೇ, ಲಾಂಛನ ಒಂದೇ, ಕೆಲಸದ ಜಾಗ ಮಾತ್ರ ಬೇರೆ. ನಿಮ್ಮ ಶೆಡ್ಡಿಗೂ ಇದೇ ಪಾಠ. ಯಾವುದನ್ನು ಕೂಡಿಸಬಹುದು, ಯಾವುದನ್ನು ಕಡ್ಡಾಯವಾಗಿ ಬೇರೆ ಇಡಬೇಕು ಎಂದು ತಿಳಿದುಕೊಂಡರೆ ಅಪ್ಪನೂ ಗುಜರಿಯವನನ್ನು ಕರೆಯಬೇಕಾಗಿಲ್ಲ.

ಕೂಡಿಸುವುದು ಕಿವಿ

ಪಿಯುಸಿಯಲ್ಲಿ ಸೋನೋಮೀಟರ್ ಪ್ರಯೋಗ ಮಾಡಿದವರಿಗೆ ಒಂದು ನಿಯಮ ನೆನಪಿರಬೇಕು. ತಂತಿಯ ಬಿಗಿತ ನಾಲ್ಕು ಪಟ್ಟಾದರೆ ಅದರ ಕಂಪನ ಎರಡು ಪಟ್ಟಾಗುತ್ತದೆ, ಅಂದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ತಂಬೂರಿಯ ತಂತಿಗೂ ಇದೇ ನಿಯಮ, ಮೋಟಾರ್ ಸೈಕಲ್ಲಿನ ಚಕ್ರದ ಕಡ್ಡಿಗೂ ಇದೇ ನಿಯಮ. ಅನುಭವಸ್ಥ ಮೆಕ್ಯಾನಿಕ್ ಚಕ್ರದ ಬೆಂಡ್ ತೆಗೆಯುವಾಗ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಕೇಳುತ್ತಾನೆ. ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಕೊಟ್ಟರೆ ಬಿಗಿತ ಸಮ. ಒಂದು ಮಂಕಾಗಿ ‘ಡಬ್’ ಎಂದರೆ ಅದು ಸಡಿಲ. ಶ್ರುತಿ ಕೂಡಿಸಲು ಕಲಿತ ಮಗು ಈ ಕೆಲಸವನ್ನು ಬೇಗ ಹಿಡಿಯುತ್ತದೆ.

ಇಂಜಿನ್ನಿಗೂ ಸ್ವರವಿದೆ. ಯೆಜ್ಡಿಯಂಥ ಒಂದು ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಸಿಡಿಯುತ್ತದೆ. ನಿಮಿಷಕ್ಕೆ 3,300 ಸುತ್ತು ತಿರುಗುವಾಗ ಸೆಕೆಂಡಿಗೆ 55 ಸಿಡಿತ. ಗಿಟಾರ್ ಶ್ರುತಿ ಮಾಡುವವರು ಆಧಾರವಾಗಿ ಹಿಡಿಯುವ 440 ಕಂಪನದ ಸ್ವರಕ್ಕೆ ಸರಿಯಾಗಿ ಮೂರು ಸ್ಥಾಯಿ ಕೆಳಗೆ! ಬುಲೆಟ್ಟಿನಂಥ ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ಸಿಡಿಯುವುದರಿಂದ ಅದೇ ವೇಗದಲ್ಲಿ 27.5 ಕಂಪನ. ಪಿಯಾನೋದ ಎಡತುದಿಯ ಕಟ್ಟಕಡೆಯ ಮನೆಯ ಸ್ವರವೂ ಅದೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ ಬೇರಿಂಗಿನ ಗೊರಗೊರ ಕೇಳುವ ಮೆಕ್ಯಾನಿಕ್ಕೂ, ತಾಳ ತಪ್ಪಿದ ಒಂದು ಪೆಟ್ಟನ್ನು ಧ್ವನಿಮುದ್ರಣದಲ್ಲಿ ಹುಡುಕುವ ಹುಡುಗಿಯೂ ಮಾಡುವುದು ಒಂದೇ ಕೆಲಸ: ಗದ್ದಲದ ನಡುವೆ ಬೇಕಾದ ಸದ್ದನ್ನು ಬೇರ್ಪಡಿಸುವುದು.

ಇದು ಬರೀ ಹವ್ಯಾಸದ ಮಾತಲ್ಲ. ವಾಹನದ ಸದ್ದು ಮತ್ತು ಅದುರುವಿಕೆಯನ್ನು ಅಳೆದು ಹದಗೊಳಿಸುವುದೇ ಇಂಜಿನಿಯರಿಂಗಿನ ಒಂದು ವಿಭಾಗ. ಅದನ್ನು ಎನ್‌ವಿಎಚ್ ಎಂದು ಕರೆಯುತ್ತಾರೆ. 2010ರಿಂದ 2012ರವರೆಗೆ 500 ಮಾತ್ರ ತಯಾರಾದ ಲೆಕ್ಸಸ್ ಎಲ್‌ಎಫ್‌ಎ ಎಂಬ ಕಾರಿನ ಇಂಜಿನ್ ನಾದವನ್ನು ಹದಗೊಳಿಸಲು ಟೊಯೊಟಾ ಕಂಪನಿ ಯಮಹಾದ ಧ್ವನಿತಜ್ಞರನ್ನೇ ಕೂಡಿಸಿಕೊಂಡಿತ್ತು.

ಬೇರೆ ಇಡಲೇಬೇಕಾದವು

ಮೊದಲನೆಯದು ಪೆಟ್ರೋಲು. ಅದು ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳಬಲ್ಲಷ್ಟು ಆವಿ ಬಿಡುತ್ತದೆ. ನಮ್ಮ ಊರುಗಳ ಸೆಕೆಯಲ್ಲಿ ಕೇಳಬೇಕೇ? ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡುತ್ತದೆ. ಧ್ವನಿಮುದ್ರಣದ ಕೋಣೆಯಲ್ಲಿ ವಿದ್ಯುತ್ತಿನ ಎಕ್ಸ್‌ಟೆನ್ಷನ್ ಬಾಕ್ಸುಗಳು ಬಿದ್ದಿರುವುದೂ ನೆಲದ ಮೇಲೆಯೇ! ಸ್ವಿಚ್ಚಿನ ಒಂದು ಕಿಡಿ ಸಾಕು. ಆದ್ದರಿಂದ ಟ್ಯಾಂಕು, ಕಾರ್ಬುರೇಟರು, ಪೆಟ್ರೋಲ್ ಡಬ್ಬಿ ಇವು ಮೂರೂ ಶೆಡ್ಡಿನೊಳಗೆ ಬರಕೂಡದು. ಬೈಕನ್ನು ಒಳಗೆ ತರುವ ಮುನ್ನವೇ ಟ್ಯಾಂಕು ಬಿಚ್ಚಿ ಹೊರಗಿಡಿ. ತೊಳೆಯುವುದು, ಬಣ್ಣ ಹೊಡೆಯುವುದು ಬಯಲಿನಲ್ಲಿ. ಬಾಗಿಲ ಬಳಿ ಒಣ ಪುಡಿಯ ಅಗ್ನಿಶಾಮಕವಿರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆಯೇ ಹೊರತು ಆರುವುದಿಲ್ಲ.

ಎರಡನೆಯದು ಗೋಡೆಗೆ ಅಂಟಿಸುವ ಸ್ಪಂಜು. ಸ್ಟುಡಿಯೋ ಎಂದ ಕೂಡಲೇ ಹುಡುಗರು ಸ್ಪಂಜಿನ ಹಾಳೆ, ಮೊಟ್ಟೆಯ ಟ್ರೇ ತಂದು ಗೋಡೆ ತುಂಬ ಮೆತ್ತುತ್ತಾರೆ. ಸ್ಪಂಜು ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆ, ನಿಜ. ಹೊರಗೆ ಹೋಗುವ ಸದ್ದನ್ನು ಅದು ತಡೆಯುವುದಿಲ್ಲ. ಮೊಟ್ಟೆಯ ಟ್ರೇಯಂತೂ ತಡೆಯುವುದೇ ಇಲ್ಲ. ಸದ್ದು ತಡೆಯಲು ಬೇಕಾದದ್ದು ಭಾರವಾದ ಗೋಡೆ, ಸಂದಿಯಿಲ್ಲದ ಬಾಗಿಲು. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ‘ದಿ ಸ್ಟೇಷನ್’ ಎಂಬ ಸಂಗೀತದ ಕ್ಲಬ್ಬಿನಲ್ಲಿ 2003ರ ಫೆಬ್ರವರಿ 20ರಂದು, ಸದ್ದು ತಗ್ಗಿಸಲು ಗೋಡೆಗೆ ಹಚ್ಚಿದ್ದ ಪಾಲಿಯುರಿಥೇನ್ ಸ್ಪಂಜಿಗೆ ವೇದಿಕೆಯ ಬಾಣಬಿರುಸಿನ ಕಿಡಿ ತಗುಲಿ ನೂರು ಮಂದಿ ಸತ್ತರು. ಗ್ರೈಂಡರಿನ ಕಿಡಿ ಹಾರುವ ಶೆಡ್ಡಿನಲ್ಲಿ ಅಂಥ ಸ್ಪಂಜು ಬೇಡವೇ ಬೇಡ. ಪ್ರತಿಧ್ವನಿ ತಗ್ಗಿಸಬೇಕಿದ್ದರೆ ಬೆಂಕಿ ಹಿಡಿಯದ ರಾಕ್‌ವೂಲ್ ಹಲಗೆಗಳಿವೆ.

ಮೂರನೆಯದು ಕಬ್ಬಿಣದ ಪುಡಿ. ಸ್ಪೀಕರು, ಡೈನಾಮಿಕ್ ಮೈಕು, ಎಲೆಕ್ಟ್ರಿಕ್ ಗಿಟಾರಿನ ಪಿಕಪ್ಪು ಮೂರರಲ್ಲೂ ಅಯಸ್ಕಾಂತವಿದೆ. ಗ್ರೈಂಡರಿನಿಂದ ಎದ್ದ ಕಬ್ಬಿಣದ ಪುಡಿ ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತದೆ. ಒಮ್ಮೆ ಒಳಹೊಕ್ಕರೆ ತೆಗೆಯುವುದು ಬಹಳ ಕಷ್ಟ. ಆದುದರಿಂದ ಉಜ್ಜುವ ಕೆಲಸವೂ ಹೊರಗೆ. ಶೆಡ್ಡಿನ ನಡುವೆ ನೆಲದಿಂದ ಸೂರಿನವರೆಗೆ ಒಂದು ಗೋಡೆ ಎಬ್ಬಿಸಲು ಆದರೆ ಉತ್ತಮ. ಆಗದಿದ್ದರೆ ವಾದ್ಯಗಳಿಗೆ ಮುಚ್ಚಳವಿರುವ ಪೆಟ್ಟಿಗೆಯಾದರೂ ಇರಲಿ. ಗ್ರೀಸ್ ಕೈಯಲ್ಲಿ ತಂತಿ ಮುಟ್ಟಿದರೆ ನಾದ ಮಂಕಾಗುತ್ತದೆ. ಸೋಪು, ಟವೆಲು ಎರಡು ಭಾಗಗಳ ನಡುವೆ ಇರಲಿ.

ನಾಲ್ಕನೆಯದು ಹೊಗೆ. ಇಂಜಿನ್ನನ್ನು ಒಳಗೆ ಒಂದು ನಿಮಿಷವೂ ಓಡಿಸಬಾರದು. ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸದ್ದು ಹೋಗದಂತೆ ಸಂದಿಗೊಂದಿ ಮುಚ್ಚಿದ ಕೋಣೆಯಲ್ಲಿ ಅದು ಹೊರಹೋಗಲು ದಾರಿಯೂ ಇಲ್ಲ. ಧ್ವನಿಮುದ್ರಣಕ್ಕೆ ಒಳ್ಳೆಯ ಕೋಣೆ ಇಂಜಿನ್ ಓಡಿಸಲು ಅತ್ಯಂತ ಕೆಟ್ಟ ಕೋಣೆ ಎಂಬುದನ್ನು ಮರೆಯಬೇಡಿ.

ಮೊದಲು ಸಂಗೀತ, ಆಮೇಲೆ ಸ್ಪ್ಯಾನರು

ವೇಳಾಪಟ್ಟಿಯಲ್ಲೂ ಒಂದು ಕ್ರಮವಿದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದು. ಅದರ ಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತ ಹೋಗುತ್ತದೆ ಎಂಬುದು ತಜ್ಞರು ಅನುಸರಿಸುವ ಲೆಕ್ಕ. ಇದರಂತೆ 100 ಡೆಸಿಬೆಲ್‌ಗೆ ಹದಿನೈದೇ ನಿಮಿಷ. ಗ್ರೈಂಡರಿನ ಪಕ್ಕ ನಿಂತವನ ಕಿವಿಗೆ ಬೀಳುವ ಸದ್ದು ಸುಲಭವಾಗಿ ಆ ಮಟ್ಟ ಮುಟ್ಟುತ್ತದೆ. ಅಂಥ ಸದ್ದಿನ ನಂತರ ಕೆಲವು ಗಂಟೆ ಕಿವಿ ಮಂಕಾಗಿರುತ್ತದೆ, ಅದರಲ್ಲೂ ಮೇಲಿನ ಸ್ವರಗಳಿಗೆ. ಆಗ ಕುಳಿತು ಹಾಡನ್ನು ಹದ ಮಾಡಿದರೆ ಕೀರಲು ಹೆಚ್ಚಾಗಿ, ಮರುದಿನ ಕೇಳಿದಾಗ ಕರ್ಕಶವೆನಿಸುತ್ತದೆ. ಬೆಳಿಗ್ಗೆ ಸಂಗೀತ, ಮಧ್ಯಾಹ್ನ ಬೈಕು ಎಂದಿಟ್ಟುಕೊಂಡರೆ ಎರಡೂ ನೆಟ್ಟಗಾಗುತ್ತವೆ. ಗ್ರೈಂಡರ್ ಹಿಡಿದಾಗ ಕಣ್ಣಿಗೆ ಕನ್ನಡಕ, ಕಿವಿಗೆ ಇಯರ್ ಪ್ಲಗ್ಗು ತಪ್ಪದಿರಲಿ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಾಡು, ಬೈಕು ಎರಡಕ್ಕೂ ಬಂಡವಾಳ ಆ ಕಿವಿಯೇ ತಾನೆ?

ನೆರೆಯವರ ಕಿವಿಗೂ ಕಾನೂನಿನ ರಕ್ಷಣೆಯಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ತಗ್ಗಿನ ಸ್ವರಗಳು ಗೋಡೆಯನ್ನು ಸಲೀಸಾಗಿ ದಾಟುವುದರಿಂದ ರಾತ್ರಿ ಹೆಡ್‌ಫೋನೇ ಗತಿ.

ತಂದೆತಾಯಂದಿರಿಗೆ ಎರಡು ಮಾತು

ಹದಿನೆಂಟು ತುಂಬದ ಮಕ್ಕಳು ಗೇರಿನ ಬೈಕು ಬಿಚ್ಚಿ ಜೋಡಿಸಲಿ, ರಸ್ತೆಗೆ ಒಯ್ಯುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಅದೇ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಬೈಕನ್ನು ವಿಕಾರಗೊಳಿಸುವ ಬದಲು, ಹುಟ್ಟಿದಾಗ ಹೇಗಿತ್ತೋ ಹಾಗೆ ಮರಳಿ ನಿಲ್ಲಿಸುವ ಹವ್ಯಾಸಕ್ಕೆ ಬೆನ್ನು ತಟ್ಟಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಒಂದು ಗಾಡಿಯನ್ನು ಮೂಲರೂಪಕ್ಕೆ ತರುವ ಹುಡುಗ ತಾಳ್ಮೆ, ಲೆಕ್ಕ, ಇತಿಹಾಸ ಮೂರನ್ನೂ ಕಲಿಯುತ್ತಾನೆ.

ಇನ್ನು ಅನುಮತಿಯ ವಿಷಯ. ‘ಆಗಲಿ’ ಎಂದು ಸುಮ್ಮನಾಗುವುದೂ ಬೇಡ, ‘ಕೂಡದು’ ಎಂದು ಬೀಗ ಹಾಕುವುದೂ ಬೇಡ. ಬೆಂಕಿ, ಹೊಗೆ, ಪುಡಿ, ಹೊತ್ತು ಈ ನಾಲ್ಕಕ್ಕೂ ತಾನು ಏನು ವ್ಯವಸ್ಥೆ ಮಾಡುತ್ತೇನೆ ಎಂದು ಮಕ್ಕಳೇ ಒಂದು ಹಾಳೆಯಲ್ಲಿ ಬರೆದು ಕೊಡಲಿ. ಅದನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿ. ಪರೀಕ್ಷೆಯ ತಿಂಗಳಲ್ಲಿ ಎಷ್ಟು ಹೊತ್ತು ಎಂಬುದೂ ಅದೇ ಹಾಳೆಯಲ್ಲಿರಲಿ. ಆಗ ದಿನಾ ಜಗಳವಾಡುವ ಕೆಲಸವಿರುವುದಿಲ್ಲ. ವಾರಕ್ಕೊಮ್ಮೆ ನೀವೂ ಒಳಗೆ ಹೋಗಿ ಬನ್ನಿ. ಪೆಟ್ರೋಲ್ ಡಬ್ಬಿ ಹೊರಗಿದೆಯೇ ಎಂದು ಮೊದಲು ನೋಡಿ. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಕುಳಿತು, ಆ ವಾರ ಏನು ಹಾಡಿದೆ, ಯಾವ ಭಾಗ ಜೋಡಿಸಿದೆ ಎಂದು ಕೇಳಿ. ಮಕ್ಕಳು ಹೇಳಲು ಕಾಯುತ್ತಿರುತ್ತಾರೆ.